ಶವಸಾಪೇಕ್ಷ ಶೃಂಗಾರ ಮೀಮಾಂಸೆ

ಶೃಂಗಾರರಸಕ್ಕೆ ಉದ್ದೀಪನ ವಿಭಾವಗಳು, ಅಂದರೆ ಅದನ್ನು ಕೆರಳಿಸುವ ಸಂಗತಿಗಳು, ಯಾವುವೆಂದು ಕೇಳಿದರೆ ನಮ್ಮ ಲಾಕ್ಷಣಿಕರು ಸಾವಿರಾರು ವರ್ಷಗಳಿಂದ ಒಂದೇ ಪಟ್ಟಿ ಒಪ್ಪಿಸುತ್ತ ಬಂದಿದ್ದಾರೆ: ಬೆಳದಿಂಗಳು, ಮಲಯಮಾರುತ, ಕೋಗಿಲೆ, ಮಾವಿನ ಚಿಗುರು, ಉದ್ಯಾನ, ತಾವರೆಗೊಳ. ಈ ಪಟ್ಟಿಯಲ್ಲಿ ಹೆಣ ಇಲ್ಲ. ಭರತ ಬಿಟ್ಟ, ಮಮ್ಮಟ ಬಿಟ್ಟ, ವಿಶ್ವನಾಥನೂ ಬಿಟ್ಟ. ಈ ಲೋಪದಿಂದ ಶಾಸ್ತ್ರಕ್ಕಾದ ನಷ್ಟ ಎಷ್ಟೆಂಬುದು 1994ರ ಜನವರಿಯವರೆಗೆ ಯಾರ ಗಮನಕ್ಕೂ ಬರಲಿಲ್ಲ. ಆ ತಿಂಗಳು ಜಪಾನಿನ ಶೋನೆನ್ ಸಂಡೇ ವಾರಪತ್ರಿಕೆಯಲ್ಲಿ ಗೋಶೋ ಅಓಯಾಮಾ ‘ಡಿಟೆಕ್ಟಿವ್ ಕಾನನ್’ ಎಂಬ ಮಾಂಗಾ ಆರಂಭಿಸಿದರು. ಮೇಲುನೋಟಕ್ಕೆ ಅದು ಕೊಲೆ, ಸುಳಿವು, ಕೊಲೆಗಾರ ಎಂಬ ಮೂರು ಹೆಜ್ಜೆಯ ಪತ್ತೇದಾರಿ ಚಿತ್ರಕಥೆ. ಒಳಗೆ ಹೊಕ್ಕು ನೋಡಿದರೆ ಅದೊಂದು ಅಲಂಕಾರಶಾಸ್ತ್ರದ ಗ್ರಂಥ. ಲಕ್ಷ್ಯವಿದೆ, ಲಕ್ಷಣವನ್ನು ಬರೆಯುವವರು ಸಿಕ್ಕಿರಲಿಲ್ಲ, ಅಷ್ಟೆ. ಆ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರತಿಜ್ಞಾವಾಕ್ಯ ಹೀಗಿದೆ: ಕಥೆಯೊಳಗಿನ ಪ್ರೇಮವನ್ನು ಓದುಗ ನಂಬಬೇಕಾದರೆ ಹತ್ತಿರದಲ್ಲೆಲ್ಲೋ ಒಂದು ಹೆಣ ಬಿದ್ದಿರಬೇಕು. ಹೆಣವಿಲ್ಲದ ಪ್ರೇಮ ಬರೀ ಹೇಳಿಕೆ. ಹೆಣವಿದ್ದಲ್ಲಿ ಅದಕ್ಕೆ ಸಾಕ್ಷ್ಯದ ತೂಕ ಬರುತ್ತದೆ.

ಗ್ರಂಥಪರಿಚಯವಿಲ್ಲದವರಿಗಾಗಿ ಕಥಾವಸ್ತುವನ್ನು ಎರಡು ಮಾತಿನಲ್ಲಿ ಹೇಳಬೇಕು. ಹೈಸ್ಕೂಲು ಪತ್ತೇದಾರ ಶಿನಿಚಿ ಕುಡೋ ತನ್ನ ಬಾಲ್ಯದ ಗೆಳತಿ ರಾನ್ ಮೋರಿಯ ಜೊತೆ ಮನರಂಜನಾ ಪಾರ್ಕಿಗೆ ಹೋಗುತ್ತಾನೆ. ಅಲ್ಲೊಂದು ಕೊಲೆಯನ್ನು ಬಿಡಿಸಿ, ಕಪ್ಪು ಕೋಟಿನ ದುಷ್ಟರ ಬೆನ್ನುಹತ್ತಿ, ಅವರು ಬಾಯಿಗೆ ತುರುಕಿದ ಎಪಿಟಿಎಕ್ಸ್ 4869 ಎಂಬ ವಿಷದ ಗುಳಿಗೆಯಿಂದ ಸಾಯದೆ ಚಿಕ್ಕ ಹುಡುಗನಾಗಿ ಕುಗ್ಗಿಹೋಗುತ್ತಾನೆ. ಕಾನನ್ ಡಾಯ್ಲ್ ಮತ್ತು ಎಡೋಗಾವಾ ರಾಂಪೋ ಇಬ್ಬರ ಹೆಸರನ್ನೂ ಕೂಡಿಸಿ ಕಾನನ್ ಎಡೋಗಾವಾ ಎಂದು ಹೇಳಿಕೊಂಡು, ಅದೇ ರಾನ್‌ಳ ಮನೆಯಲ್ಲಿ ಪುಟ್ಟ ತಮ್ಮನಂತೆ ಉಳಿದುಬಿಡುತ್ತಾನೆ. ಇಷ್ಟು ಕೇಳಿದ ಕೂಡಲೇ ಕಾವ್ಯಪ್ರಕಾಶ ಓದಿದವರ ಕಿವಿ ನೆಟ್ಟಗಾಗಬೇಕು. ವಿಪ್ರಲಂಭ ಶೃಂಗಾರಕ್ಕೆ, ಅಂದರೆ ಅಗಲಿಕೆಯ ಪ್ರೇಮಕ್ಕೆ, ಅಭಿಲಾಷೆ, ವಿರಹ, ಈರ್ಷ್ಯೆ, ಪ್ರವಾಸ, ಶಾಪ ಎಂಬ ಐದು ಹೇತುಗಳನ್ನು ಮಮ್ಮಟ ಹೇಳಿದ್ದಾನಲ್ಲ, ಇದು ಐದನೆಯದು, ಶುದ್ಧಾಂಗ ಶಾಪಹೇತುಕ. ಮೇಘದೂತದ ಯಕ್ಷನಿಗೆ ಕುಬೇರನ ಶಾಪ, ಇವನಿಗೆ ಗುಳಿಗೆಯ ಶಾಪ. ಆದರೆ ಯಕ್ಷನ ಅವಧಿ ಒಂದೇ ವರ್ಷ, ಕಾನನ್‌ನದು ಮೂವತ್ತು ದಾಟಿದೆ. ಅಷ್ಟಾದರೂ ಕಥೆಯೊಳಗೆ ಅವನಿನ್ನೂ ಒಂದನೇ ತರಗತಿ, ರಾನ್ ಇನ್ನೂ ಹೈಸ್ಕೂಲು. ಯಕ್ಷ ಮೋಡದ ಕೈಲಿ ಸುದ್ದಿ ಕಳಿಸಬೇಕಾಯಿತು. ಇವನು ನಾಯಕಿಯ ಪಕ್ಕದಲ್ಲೇ ಕೂತು ಊಟ ಮಾಡುತ್ತ, ಸಂಜೆ ಮರೆಯಲ್ಲಿ ನಿಂತು ಅದೇ ನಾಯಕಿಗೆ ಫೋನು ಮಾಡುತ್ತಾನೆ. ಪ್ರಿಯ ಎದುರಿಗಿದ್ದೂ ಒದಗುವ ಈ ವಿರಹಕ್ಕೆ ಶಾಸ್ತ್ರದಲ್ಲಿ ಹೆಸರಿಲ್ಲ. ‘ಸನ್ನಿಧಿವಿಪ್ರಲಂಭ’ ಎಂದು ಕರೆಯಲು ವಿದ್ವಾಂಸರು ಅಪ್ಪಣೆ ಕೊಡಬೇಕು.

ಈಗ ಹೇತುವಿಗೆ ಬರೋಣ. ಪ್ರೇಮದೃಶ್ಯಗಳು ಸಾಮಾನ್ಯವಾಗಿ ಏಕೆ ನೀರಸವಾಗುತ್ತವೆ? ಅಲ್ಲಿ ಲೇಖಕನೇ ಸಾಕ್ಷಿಕಟ್ಟೆ ಹತ್ತಿ ನಿಲ್ಲುತ್ತಾನೆ. ಅವಳು ಅವನನ್ನು ಅಗಾಧವಾಗಿ ಪ್ರೀತಿಸುತ್ತಿದ್ದಳು ಎಂದು ಪ್ರಮಾಣ ಮಾಡುತ್ತಾನೆ, ಓದುಗ ಆಕಳಿಸುತ್ತಾನೆ. ಸ್ವಂತ ಪಾತ್ರಗಳ ಪರವಾಗಿ ಸಾಕ್ಷಿ ಹೇಳುವವನನ್ನು ಯಾವ ನ್ಯಾಯಾಲಯವೂ ಪೂರ್ತಿ ನಂಬುವುದಿಲ್ಲ. ಓದುಗ ನಂಬುವುದು ತಾನೇ ಊಹಿಸಿ ಕಂಡುಕೊಂಡದ್ದನ್ನು ಮಾತ್ರ. ಇದನ್ನು ಒಂಬತ್ತನೇ ಶತಮಾನದ ಸುಮಾರಿಗೇ ಶ್ರೀಶಂಕುಕ ಹೇಳಿಬಿಟ್ಟಿದ್ದ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ವಿಭಾವ ಅನುಭಾವಗಳಿಂದ ಸ್ಥಾಯಿಭಾವವನ್ನು ಸಹೃದಯ ಅನುಮಾನಿಸುತ್ತಾನೆ, ಆ ಅನುಮಿತಿಯೇ ರಸ ಎಂಬುದು ಅವನ ಪಕ್ಷ. ಜೊತೆಗೆ ಚಿತ್ರತುರಗ ನ್ಯಾಯವನ್ನೂ ತಂದ. ಗೋಡೆಯ ಮೇಲಿನ ಕುದುರೆಯ ಚಿತ್ರ ನೋಡಿ ‘ಕುದುರೆ’ ಎನ್ನುತ್ತೇವೆ; ಆ ಅರಿವು ಸತ್ಯವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಭಟ್ಟತೌತನೂ ಅವನ ಶಿಷ್ಯ ಅಭಿನವಗುಪ್ತನೂ ಸೇರಿ ಶಂಕುಕನನ್ನು ಚೆನ್ನಾಗಿಯೇ ಜಾಡಿಸಿದರು, ನಮ್ಮ ಪಠ್ಯಪುಸ್ತಕಗಳಲ್ಲಿ ಅವನು ಇವತ್ತಿಗೂ ಸೋತ ಪಕ್ಷ. ಮೇಲ್ಮನವಿ ಹಾಕಲು ಅವನಿಗೆ ಆಗ ಸರಿಯಾದ ಉದಾಹರಣೆ ಇರಲಿಲ್ಲ, ಪಾಪ. ಪತ್ತೇದಾರಿ ಮಾಂಗಾ ಎಂದರೆ ಚಿತ್ರವೂ ಹೌದು, ಅನುಮಾನವೂ ಹೌದು. ಚಿತ್ರದಲ್ಲಿ ಬರೆದ ಹುಡುಗನ ಕೆನ್ನೆಯ ಮೇಲೆ ನಾಲ್ಕು ಓರೆಗೆರೆ ಎಳೆದರೆ ಸಾಕು, ನಾಚಿಕೆಯೆಂದು ಓದುಗ ತಾನಾಗಿ ತೀರ್ಮಾನಿಸುತ್ತಾನೆ. ಗೆರೆ ನಾಚಿಕೆಯಲ್ಲ, ಗೆರೆ ಸುಳ್ಳೂ ಅಲ್ಲ.

ಹಾಗಾದರೆ ಹೆಣವೇ ಏಕೆ ಬೇಕು, ಬರೀ ಓರೆಗೆರೆ ಸಾಲದೇ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಸಾತ್ವಿಕಭಾವಗಳ ಪಟ್ಟಿಯಲ್ಲೇ ಇದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟುವುದು, ಬೆವರುವುದು, ಕೂದಲು ನಿಮಿರುವುದು, ದನಿ ಒಡೆಯುವುದು, ನಡುಗುವುದು, ಮುಖ ಬಿಳುಚುವುದು, ಅಳುವುದು, ಮೂರ್ಛೆ ಹೋಗುವುದು. ಇದು ಪ್ರೇಮಿಯ ವರ್ಣನೆಯೋ ಸಿಕ್ಕಿಬಿದ್ದ ಕೊಲೆಗಾರನ ವರ್ಣನೆಯೋ? ಎರಡೂ ಅಕ್ಷರಶಃ ಒಂದೇ. ಕಾನನ್ ಬೆರಳು ತೋರಿಸಿದಾಗ ಕೊಲೆಗಾರನಲ್ಲಿ ಕಾಣಿಸಿಕೊಳ್ಳುವ ಎಂಟೂ ಲಕ್ಷಣಗಳು ಶಿನಿಚಿ ಫೋನೆತ್ತಿದಾಗ ರಾನ್‌ಳಲ್ಲಿ ಕಾಣಿಸಿಕೊಳ್ಳುತ್ತವೆ. ಬೆವರನ್ನೂ ಬಿಳುಪನ್ನೂ ಓದುವುದಕ್ಕೆ ಹೆಣದ ಹತ್ತಿರ ತರಬೇತಿ ಪಡೆದ ಕಣ್ಣು ಅದೇ ವಿದ್ಯೆಯನ್ನು ಪ್ರೇಮದ ಹತ್ತಿರ ಬಳಸುತ್ತದೆ. ಓದುಗ ಪುಟದಿಂದ ಪುಟಕ್ಕೆ ಗುಮಾನಿಯ ಮನುಷ್ಯನಾಗುತ್ತ ಹೋಗುತ್ತಾನೆ. ಗುಮಾನಿ ಹತ್ತಿದವನ ಕಣ್ಣು ತಪ್ಪಿಸಿ ಪ್ರೀತಿಸುವುದು ಸುಲಭವಲ್ಲ. (ಎಂಟರಲ್ಲಿ ಎರಡಕ್ಕೆ ಅಓಯಾಮಾ ಯಂತ್ರವನ್ನೇ ಕೊಟ್ಟಿದ್ದಾರೆ. ಸ್ವರಭೇದಕ್ಕೆ ದನಿ ಬದಲಿಸುವ ಬೋ ಟೈ, ಪ್ರಲಯಕ್ಕೆ ಅರಿವಳಿಕೆ ಸೂಜಿಯ ಕೈಗಡಿಯಾರ. ರಾನ್‌ಳ ಅಪ್ಪ ಕೋಗೊರೋ ಆ ಸೂಜಿಗೆ ಎಷ್ಟು ಸಲ ಗುರಿಯಾದರೂ ವೈದ್ಯರನ್ನು ಕಾಣದಿರುವುದು ಬೇರೆ ಪ್ರಬಂಧದ ವಿಷಯ.)

ದೃಷ್ಟಾಂತ ಬೇಕಲ್ಲ. 26ನೇ ಸಂಪುಟದಲ್ಲಿ ಸ್ವಲ್ಪ ಹೊತ್ತಿಗೆ ಮಾತ್ರ ಮರಳಿ ದೊಡ್ಡವನಾದ ಶಿನಿಚಿ, ತನ್ನ ಅಪ್ಪ ಹಿಂದೆ ಅಮ್ಮನಿಗೆ ಮದುವೆಯ ಪ್ರಸ್ತಾಪ ಮಾಡಿದ್ದ ಅದೇ ಎತ್ತರದ ಹೋಟೆಲಿಗೆ ರಾನ್‌ಳನ್ನು ಊಟಕ್ಕೆ ಕರೆದೊಯ್ಯುತ್ತಾನೆ. ಮೇಜಿದೆ, ರಾತ್ರಿಯ ನಗರ ಕೆಳಗೆ ಮಿನುಗುತ್ತಿದೆ, ಭರತ ಹೇಳಿದ ಉದ್ದೀಪನಗಳೆಲ್ಲ ಹಾಜರಿವೆ. ಮಾತು ನಾಲಗೆಯ ತುದಿಗೆ ಬರುವಷ್ಟರಲ್ಲಿ ಅದೇ ಕಟ್ಟಡದ ಲಿಫ್ಟಿನಲ್ಲಿ ಗುಂಡೇಟಿಗೆ ಒಬ್ಬರು ಸತ್ತಿರುತ್ತಾರೆ. ಅವನು ಎದ್ದು ಹೋಗುತ್ತಾನೆ, ಕೊಲೆ ಬಿಡಿಸುತ್ತಾನೆ, ಮತ್ತೆ ಕುಗ್ಗುತ್ತಾನೆ. ಅವಳು ಕಾಯುತ್ತಾಳೆ. ಹೆಣ ಪ್ರೇಮಕ್ಕೆ ಅಡ್ಡಿಯಾಯಿತಲ್ಲವೇ ಎಂದು ಅವಸರದ ಓದುಗ ಕೇಳುತ್ತಾನೆ. ವಿಚಾರಮಾಡಿ ನೋಡಿ. ಲಿಫ್ಟು ಬರಿದಾಗಿದ್ದಿದ್ದರೆ ಶಿನಿಚಿ ಒಂದು ವಾಕ್ಯ ಹೇಳುತ್ತಿದ್ದ, ರಾನ್ ಒಂದು ವಾಕ್ಯ ಹೇಳುತ್ತಿದ್ದಳು, ಬಿಲ್ಲು ಬರುತ್ತಿತ್ತು. ಅವನ ಮಾತಿನಿಂದ ತಿಳಿಯುವುದಕ್ಕಿಂತ ಅವಳು ಕಾದದ್ದರಿಂದ ಹೆಚ್ಚು ತಿಳಿಯಿತು. ಆ ಕಾಯುವಿಕೆಯನ್ನು ದೊರಕಿಸಿಕೊಟ್ಟದ್ದು ಲಿಫ್ಟಿನಲ್ಲಿದ್ದವರು.

ಇನ್ನೂ ಬಲವಾದ ದೃಷ್ಟಾಂತ ಇದೇ ಸರಣಿಯ, 1997ರ ಮೊದಲ ಚಲನಚಿತ್ರದ್ದು. ಬಾಂಬಿಟ್ಟ ಕಟ್ಟಡದಲ್ಲಿ ರಾನ್ ಸಿಕ್ಕಿಬಿದ್ದಿದ್ದಾಳೆ, ಕುಸಿದ ಅವಶೇಷದ ಆಚೆ ಬದಿಯಿಂದ ಕಾನನ್ ಶಿನಿಚಿಯ ದನಿಯಲ್ಲಿ ಯಾವ ತಂತಿ ಕತ್ತರಿಸಬೇಕೆಂದು ಒಂದೊಂದಾಗಿ ಹೇಳುತ್ತಾನೆ. ನಕ್ಷೆಯಲ್ಲಿ ಇಲ್ಲದ ಎರಡು ತಂತಿ ಕೊನೆಗೆ ಉಳಿಯುತ್ತವೆ, ಒಂದು ಕೆಂಪು, ಒಂದು ನೀಲಿ. ನಡುರಾತ್ರಿ ಹನ್ನೆರಡು ದಾಟಿದರೆ ಅವನ ಹುಟ್ಟುಹಬ್ಬ, ಮೇ 4. ನಿನಗಿಷ್ಟವಾದುದನ್ನು ಕತ್ತರಿಸು ಎನ್ನುತ್ತಾನೆ. ಆಮೇಲೆ ಅವನ ಎದೆ ಧಸಕ್ಕೆನ್ನುತ್ತದೆ. ಕೆಂಪು ತಮ್ಮಿಬ್ಬರಿಗೂ ಅದೃಷ್ಟದ ಬಣ್ಣವೆಂದು ಅವಳೇ ಹಿಂದೆ ಹೇಳಿದ್ದಳು, ಹಾಗಾಗಿ ಕೆಂಪನ್ನೇ ಕತ್ತರಿಸುತ್ತಾಳೆ, ಸಾಯುತ್ತಾಳೆ. ತರ್ಕ ನಿರ್ದುಷ್ಟ. ಅವಳು ನೀಲಿಯನ್ನು ಕತ್ತರಿಸಿ ಬದುಕುತ್ತಾಳೆ. ಜೋಡಿಯಾಗಬೇಕಾದವರನ್ನು ಬೆಸೆಯುವುದು ಕೆಂಪು ದಾರವೆಂಬ ನಂಬಿಕೆ ಜಪಾನಿನಲ್ಲಿದೆ. ಶಿನಿಚಿಯ ಜೊತೆಗಿನ ಆ ದಾರ ಕತ್ತರಿಸಲು ಮನಸ್ಸಾಗಲಿಲ್ಲ ಎಂಬುದು ಅವಳು ಆಮೇಲೆ ಕೊಡುವ ಕಾರಣ. ಒಂದೇ ಹೇತುವಿನಿಂದ ಪತ್ತೇದಾರ ಒಂದು ಸಾಧ್ಯಕ್ಕೆ, ಪ್ರೇಮಿ ಅದರ ವಿರುದ್ಧ ಸಾಧ್ಯಕ್ಕೆ ತಲುಪಿದರು. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ವಿರುದ್ಧ ಹೇತ್ವಾಭಾಸ ಎನ್ನುತ್ತಾರೆ, ಸಿನಿಮಾ ಮಂದಿರದಲ್ಲಿ ಚಪ್ಪಾಳೆ ಹೊಡೆಯುತ್ತಾರೆ. ಈ ದೃಶ್ಯದಲ್ಲಿ ಪ್ರೀತಿ ಎಂಬ ಮಾತನ್ನು ಇಬ್ಬರೂ ಎತ್ತಬೇಕಾಗಲಿಲ್ಲ. ಟೈಮ್ ಬಾಂಬಿನ ಗಡಿಯಾರ ಆ ಕೆಲಸ ವಹಿಸಿಕೊಂಡಿತ್ತು. ಹೆಣ ಬೀಳಲಿಲ್ಲವಲ್ಲ ಎನ್ನುವವರಿಗೆ, ಬೀಳಬಹುದಾಗಿದ್ದ ಹೆಣವೂ ಶಾಸ್ತ್ರದಲ್ಲಿ ಹೆಣವೇ ಎಂದು ಸಮಾಧಾನ.

ಈ ಸಿದ್ಧಾಂತಕ್ಕೆ ಬರಬಹುದಾದ ಮೊದಲ ಆಕ್ಷೇಪ ರಸವಿರೋಧದ್ದು. ಶೃಂಗಾರಕ್ಕೂ ಬೀಭತ್ಸ ಕರುಣಗಳಿಗೂ ಹಾವು ಮುಂಗುಸಿಯ ಸಂಬಂಧ, ಒಂದೇ ಕಡೆ ಸೇರಿಸಿದರೆ ಎರಡೂ ಕೆಡುತ್ತವೆ ಎನ್ನುತ್ತಾರೆ ಪಂಡಿತರು. ಈ ಆಕ್ಷೇಪಕ್ಕೆ ಆನಂದವರ್ಧನನೇ ಮುಂಗಡವಾಗಿ ಉತ್ತರಿಸಿದ್ದಾನೆ. ಮಹಾಭಾರತದ ಸ್ತ್ರೀಪರ್ವದಲ್ಲಿ ಭೂರಿಶ್ರವಸ್ಸಿನ ಹೆಂಡತಿ ರಣರಂಗದಲ್ಲಿ ಬಿದ್ದಿದ್ದ ಗಂಡನ ಕಡಿದ ಕೈಯನ್ನು ಗುರುತಿಸುತ್ತಾಳೆ. ಒಮ್ಮೆ ತನ್ನ ಡಾಬು ಸಡಿಲಿಸುತ್ತಿದ್ದ ಕೈ ಇದೇ ಎಂದು ಅಳುತ್ತಾಳೆ. ಅಲ್ಲಿ ಸ್ಮರಣೆಗೆ ಬರುವ ಶೃಂಗಾರ ಕರುಣವನ್ನು ಕೆಡಿಸದೆ ಪೋಷಿಸುತ್ತದೆ ಎಂಬುದು ಧ್ವನ್ಯಾಲೋಕದ ತೀರ್ಪು. ನಮ್ಮ ದೃಷ್ಟಿಯಲ್ಲಿ ಅದು ಮಹಜರು. ಹೆಣದ ಭಾಗವೊಂದರ ಗುರುತು ಪತ್ತೆ, ಪ್ರೇಮದ ಪುರಾವೆ, ಎರಡೂ ಒಂದೇ ವಾಕ್ಯದಲ್ಲಿ ಆಗಿಹೋದವು. ಶಾಕುಂತಲದ ಆರನೇ ಅಂಕವಂತೂ ಪೊಲೀಸ್ ಠಾಣೆಯ ಬಾಗಿಲಲ್ಲೇ ಶುರುವಾಗುತ್ತದೆ. ಬೆಸ್ತನೊಬ್ಬನ ಬಳಿ ರಾಜಮುದ್ರೆಯ ಉಂಗುರ ಸಿಕ್ಕಿದೆ, ಇಬ್ಬರು ರಕ್ಷಕರು ಕೈ ಕಟ್ಟಿ ಎಳೆದುತಂದಿದ್ದಾರೆ, ಕದ್ದೆಯೋ ಎಂದು ಗದರುತ್ತಿದ್ದಾರೆ, ಮೀನಿನ ಹೊಟ್ಟೆಯಲ್ಲಿ ಸಿಕ್ಕಿತೆಂದು ಅವನು ಬೇಡಿಕೊಳ್ಳುತ್ತಿದ್ದಾನೆ. ಈ ವಿಚಾರಣೆ ನಡೆಯದಿದ್ದರೆ ದುಷ್ಯಂತನಿಗೆ ಶಕುಂತಲೆಯ ನೆನಪೇ ಬರುತ್ತಿರಲಿಲ್ಲ. ಬಸವಪ್ಪಶಾಸ್ತ್ರಿಗಳ ‘ಕರ್ನಾಟಕ ಶಾಕುಂತಲ’ದ ಮೂಲಕ ಕನ್ನಡಿಗರು ಇದನ್ನೆಲ್ಲ ಹತ್ತೊಂಬತ್ತನೇ ಶತಮಾನದಲ್ಲೇ ಓದಿಕೊಂಡಿದ್ದಾರೆ. ಕಾಳಿದಾಸ ಪತ್ತೇದಾರಿ ಬರೆದಿಲ್ಲವೆಂದು ಹೇಳುವವರು ಆ ಮೀನನ್ನೊಮ್ಮೆ ಕೇಳಬೇಕು.

ಎರಡನೇ ಆಕ್ಷೇಪ ಸಮುದ್ರದಾಚೆಯಿಂದ ಬರುತ್ತದೆ. ಎಸ್. ಎಸ್. ವ್ಯಾನ್ ಡೈನ್ ಎಂಬ ಅಮೆರಿಕದ ಲೇಖಕ 1928ರಲ್ಲಿ ಪತ್ತೇದಾರಿ ಕಥೆಗೆ ಇಪ್ಪತ್ತು ನಿಯಮ ವಿಧಿಸಿದ. ಪ್ರೇಮಪ್ರಕರಣ ಕೂಡದೆಂಬುದು ಮೂರನೆಯದು. ಅಪರಾಧಿಯನ್ನು ಕೋರ್ಟಿಗೆ ತರುವುದೇ ಕೆಲಸ, ಜೋಡಿಯನ್ನು ಹಸೆಮಣೆಗೆ ತರುವುದಲ್ಲ ಎಂಬುದು ಅದರ ತಾತ್ಪರ್ಯ. ಅದಕ್ಕೂ ಮುಂಚೆ ಷರ್ಲಾಕ್ ಹೋಮ್ಸನೇ ‘ದಿ ಸೈನ್ ಆಫ್ ಫೋರ್’ನ ಮೊದಲ ಅಧ್ಯಾಯದಲ್ಲಿ, ಯೂಕ್ಲಿಡನ ಪ್ರಮೇಯಕ್ಕೆ ಪ್ರೇಮಕಥೆ ತುರುಕಿದಂತಾಯಿತೆಂದು ವಾಟ್ಸನನ ಬರಹವನ್ನು ಗೊಣಗಿದ್ದ. ಅದೇ ಕಾದಂಬರಿ ಮುಗಿಯುವಷ್ಟರಲ್ಲಿ ವಾಟ್ಸನನ ಮದುವೆ ನಿಶ್ಚಯವಾಗಿರುತ್ತದೆ ಎಂಬುದನ್ನು ಮಾತ್ರ ಹೋಮ್ಸನ ಭಕ್ತರು ಮೆಲ್ಲಗೆ ದಾಟಿಹೋಗುತ್ತಾರೆ. ವ್ಯಾನ್ ಡೈನನಿಗೆ ಸರಿಯಾದ ಉತ್ತರ ಕೊಟ್ಟವರು ಡೊರೊಥಿ ಸೇಯರ್ಸ್. 1930ರಲ್ಲಿ ತಮ್ಮ ನಾಯಕಿ ಹ್ಯಾರಿಯೆಟ್‌ಳನ್ನು ಕೊಲೆ ಆರೋಪದ ಮೇಲೆ ಕಟಕಟೆಯಲ್ಲಿ ನಿಲ್ಲಿಸಿ, ಜೈಲಿನಲ್ಲೇ ಅವಳಿಗೆ ಮದುವೆಯ ಪ್ರಸ್ತಾಪ ಬರುವಂತೆ ಮಾಡಿದರು. ಆದರೆ ಅವಳು ಕೊನೆಗೆ ಒಪ್ಪಿಕೊಳ್ಳುವುದು 1935ರ ‘ಗಾಡಿ ನೈಟ್’ನಲ್ಲಿ, ಆ ಕಾದಂಬರಿಯಲ್ಲಿ ಕೊಲೆಯೇ ಇಲ್ಲ! ನಮ್ಮ ಸಿದ್ಧಾಂತಕ್ಕೆ ಇದು ಭಾರೀ ಪೆಟ್ಟೆಂದು ಪೂರ್ವಪಕ್ಷಿಗಳು ಕುಣಿಯಬಹುದು. ಸ್ವಲ್ಪ ತಾಳ್ಮೆ ಬೇಕು. ಸೇಯರ್ಸ್ ಅಲ್ಲಿ ಹೆಣವನ್ನು ಬಾಕಿ ಉಳಿಸಿಕೊಂಡಿದ್ದರು. 1937ರ ಮುಂದಿನ ಕಾದಂಬರಿಯಲ್ಲಿ, ದಂಪತಿ ಮಧುಚಂದ್ರಕ್ಕೆ ಹೋದ ಮನೆಯ ನೆಲಮಾಳಿಗೆಯಲ್ಲಿ, ಆ ಬಾಕಿಯನ್ನು ಬಡ್ಡಿಸಮೇತ ತೀರಿಸಿದರು. ಪತ್ತೇದಾರಿಕೆಯಿಂದ ನಡುನಡುವೆ ಅಡ್ಡಿಯಾಗುವ ಪ್ರೇಮಕಥೆ ಎಂಬರ್ಥದ ಉಪಶೀರ್ಷಿಕೆಯನ್ನೂ ಕೊಟ್ಟರು.

ಮೂರನೇ ಆಕ್ಷೇಪ ವ್ಯಾಪಾರದ್ದು. ಪತ್ರಿಕೆ ಮಾರಾಟವಾಗಲೆಂದು ಪ್ರೇಮವನ್ನು ಎಳೆದಾಡುತ್ತಾರೆ, ಇದರಲ್ಲಿ ಶಾಸ್ತ್ರ ಎಲ್ಲಿ ಬಂತು ಎಂಬ ಕೊಂಕು. ಎಳೆಯುತ್ತಾರೆ, ನಿಜ. 71–72ನೇ ಸಂಪುಟಗಳ ಲಂಡನ್ ಪ್ರಕರಣದಲ್ಲಿ, ಸರಣಿ ಕೊಲೆಗಾರನ ಸಂಕೇತ ಬಿಡಿಸುವ ಗಡಿಬಿಡಿಯ ನಡುವೆ, ಬಿಗ್ ಬೆನ್ ಗಡಿಯಾರದ ಮುಂದೆ ಶಿನಿಚಿ ಮನಸ್ಸು ಬಿಚ್ಚುತ್ತಾನೆ. ರಾನ್‌ಳ ಉತ್ತರ ಬರುವುದು 94ನೇ ಸಂಪುಟದ ಕ್ಯೋಟೋ ಶಾಲಾಪ್ರವಾಸದಲ್ಲಿ, ಅದೂ ಕೆನ್ನೆಗಿಟ್ಟ ಒಂದು ಮುತ್ತಿನ ರೂಪದಲ್ಲಿ. ಇಪ್ಪತ್ತಕ್ಕೂ ಹೆಚ್ಚು ಸಂಪುಟಗಳ ಅಂತರ. ನಮ್ಮ ಸಿವಿಲ್ ವ್ಯಾಜ್ಯಗಳಿಗೆ ಹೋಲಿಸಿದರೆ ಶೀಘ್ರ ವಿಲೇವಾರಿಯೇ. ಆದರೆ ಲಂಡನ್ನಿನ ಆ ಮಾತು ನಂಬಿಕೆ ಹುಟ್ಟಿಸುವುದು ತಡವಾದ್ದರಿಂದಲ್ಲ. ನೀನು ಪತ್ತೇದಾರನಾದರೆ ನನ್ನ ಮನಸ್ಸನ್ನು ಊಹಿಸು ಎಂದು ಅವಳು ಅಳುತ್ತ ಸವಾಲು ಹಾಕುತ್ತಾಳೆ. ಅವನು ಕವಿತೆ ಹೇಳುವುದಿಲ್ಲ, ತನ್ನ ಕಸುಬಿನ ಭಾಷೆಯಲ್ಲೇ ಉತ್ತರಿಸುತ್ತಾನೆ: ಅವಳು ಬಲು ತೊಡಕಿನ ಕೇಸು, ಬೇಡದ ಭಾವನೆಗಳು ಅಡ್ಡ ಬರುತ್ತವೆ, ಇಷ್ಟಪಟ್ಟವಳ ಮನಸ್ಸನ್ನು ಕರಾರುವಾಕ್ಕಾಗಿ ಊಹಿಸುವುದು ಹೋಮ್ಸನಿಗೂ ಆಗದ ಕೆಲಸ. ಕೊಲೆಯ ಲೆಕ್ಕದಲ್ಲಿ ಗೆಲ್ಲುತ್ತಲೇ ಬಂದ ತಾರ್ಕಿಕ ತನ್ನ ಪ್ರಮಾಣಶಾಸ್ತ್ರ ಕೈಕೊಟ್ಟಿತೆಂದು ಬಹಿರಂಗವಾಗಿ ವರದಿ ಒಪ್ಪಿಸುತ್ತಿದ್ದಾನೆ. ಎಪ್ಪತ್ತು ಸಂಪುಟಗಳ ಉದ್ದಕ್ಕೂ ಹೆಣಗಳ ಪಕ್ಕದಲ್ಲಿ ಅವನ ತರ್ಕ ಕೊಲೆಗಾರನನ್ನು ಹಿಡಿಯುತ್ತಲೇ ಬಂದುದನ್ನು ಕಂಡ ಓದುಗನಿಗೆ ಮಾತ್ರ ಈ ಸೋಲಿನ ಬೆಲೆ ಗೊತ್ತು. ಅಷ್ಟೂ ಹೆಣಗಳು ಈ ಒಂದು ವಾಕ್ಯಕ್ಕೆ ಜಾಮೀನು ನಿಂತಿವೆ. ಇಷ್ಟಕ್ಕೂ ರಾನ್‌ಳ ಮನಸ್ಸು ಮೊದಲ ಸಂಪುಟದಲ್ಲೇ ಅವನಿಗೆ ಗೊತ್ತಿತ್ತಲ್ಲ, ಪುಟ್ಟ ಕಾನನ್ ಎಂದು ತಿಳಿದು ಅವಳೇ ಹೇಳಿಬಿಟ್ಟಿದ್ದಳಲ್ಲ ಎಂದರೆ, ಅದು ವೇಷ ಮರೆಸಿಕೊಂಡು ಪಡೆದ ಹೇಳಿಕೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದೆಂದು ನಮ್ಮ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಹೇಳುತ್ತದೆ. ಕಾನನ್ ಪೊಲೀಸನಲ್ಲ ಎಂದು ವಕೀಲರು ತಕರಾರು ತೆಗೆಯಬಹುದು. ಕಾವ್ಯನ್ಯಾಯಾಲಯದಲ್ಲಿ ಆ ತಕರಾರು ನಿಲ್ಲದು.

ವ್ಯತಿರೇಕವನ್ನೂ ನೋಡದೆ ವ್ಯಾಪ್ತಿ ಸಿದ್ಧವಾಗದು. ಹೆಣ ಇಲ್ಲದಲ್ಲಿ ಪ್ರೇಮ ನಿಲ್ಲುತ್ತದೆಯೇ? ಕಾನನ್‌ಗಿಂತ ಮೊದಲು, 1992ರಲ್ಲಿ, ಆರಂಭವಾದ ಕಿಂದಾಯಿಚಿ ಮಾಂಗಾದ ಹೈಸ್ಕೂಲು ಪತ್ತೇದಾರನಿಗೂ ಮಿಯುಕಿ ಎಂಬ ಬಾಲ್ಯದ ಗೆಳತಿ ಇದ್ದಾಳೆ. 2018ರಲ್ಲಿ ಅದರ ಮುಂದುವರಿಕೆಯಾಗಿ, ಮೂವತ್ತೇಳು ವಯಸ್ಸಿನ ಕಿಂದಾಯಿಚಿಯ ಕಥೆ ಬಂತು. ಕಂಪನಿಯೊಂದರಲ್ಲಿ ನೌಕರಿ, ಇನ್ನು ಕೊಲೆಗಳ ಸಹವಾಸ ಬೇಡವೆಂಬ ಹಟ, ಮತ್ತು, ಗಮನಿಸಬೇಕು, ಇನ್ನೂ ಬ್ರಹ್ಮಚಾರಿ. ಮಿಯುಕಿ ವಿಮಾನದ ಗಗನಸಖಿಯಾಗಿ ಆಕಾಶದಲ್ಲಿ, ಇವನು ನೆಲದಲ್ಲಿ, ನಡುವೆ ಮೊಬೈಲ್ ಸಂದೇಶ. ಹೆಣ ಬಿಟ್ಟವನ ಗತಿ ಇದು. ಕೋಗೊರೋ ಮತ್ತು ಅವನ ವಕೀಲ ಹೆಂಡತಿ ಎರಿ ಹತ್ತು ವರ್ಷದಿಂದ ಬೇರೆ ಬಾಳುತ್ತಿಲ್ಲವೇ, ಅವರ ಸುತ್ತ ಹೆಣಗಳಿಗೇನು ಬರವೇ ಎಂದು ಕೇಳಬಹುದು. 1998ರ ಎರಡನೇ ಚಿತ್ರ ಅದಕ್ಕೂ ಉತ್ತರ ಕೊಡುತ್ತದೆ. ಹಿಂದೆ ಪೊಲೀಸನಾಗಿದ್ದಾಗ ಕೋಗೊರೋ, ಒತ್ತೆಯಾಳಾಗಿದ್ದ ಹೆಂಡತಿಯ ಕಾಲಿಗೇ ಗುಂಡು ಹೊಡೆದಿದ್ದ. ನಡೆಯಲಾಗದ ಒತ್ತೆಯಾಳು ದುಷ್ಟನಿಗೆ ಹೊರೆ ಎಂಬ ಲೆಕ್ಕ. ಅವಳಿಗೆ ಅದು ಪ್ರೀತಿಯೆಂದು ಚೆನ್ನಾಗಿಯೇ ತಿಳಿದಿತ್ತು. ಮನೆ ಬಿಟ್ಟದ್ದು ಆ ಗುಂಡಿಗಲ್ಲ, ಗಾಯದ ಕಾಲಲ್ಲೇ ನಿಂತು ಮಾಡಿದ ಅಡುಗೆಯನ್ನು ಅವನು ಹಳಿದದ್ದಕ್ಕೆ. ಪಿಸ್ತೂಲಿನಿಂದ ಸ್ಪಷ್ಟವಾಗಿದ್ದ ಪ್ರೇಮ ಊಟದ ತಟ್ಟೆಯ ಮುಂದೆ ಅಸ್ಪಷ್ಟವಾಯಿತು. ಹೆಣಕ್ಕೂ ಅನ್ನಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಇನ್ನು ಈ ಮಾಂಗಾದ ಅಭಿಮಾನಿಗಳ ವಿಷಯ. ಅವರದು ಎರಡು ಮತ, ರಾನ್‌ವಾದ ಮತ್ತು ಹೈಬರಾವಾದ. ಹೈಬರಾ ಅಂದರೆ ಆ ಗುಳಿಗೆಯನ್ನು ತಯಾರಿಸಿ ಕೊನೆಗೆ ತಾನೇ ನುಂಗಿ ಚಿಕ್ಕವಳಾದ ವಿಜ್ಞಾನಿ. ಶಾಪ ಕೊಟ್ಟವಳೇ ಶಾಪಗ್ರಸ್ತನ ಪಕ್ಕದ ಬೆಂಚಿನಲ್ಲಿ ಕೂರುವ ಯೋಗ ದುರ್ವಾಸನಿಗೂ ಬಂದಿರಲಿಲ್ಲ. ಎರಡೂ ಮತದವರು ಒಂದೇ ಚೌಕಟ್ಟನ್ನು ಭೂತಗನ್ನಡಿಯಲ್ಲಿ ನೋಡಿ, ಕಣ್ಣು ಯಾವ ಕಡೆ ತಿರುಗಿದೆ, ಮೂಲೆಯಲ್ಲಿ ನಿಂತವರ ಕೈ ಎಲ್ಲಿದೆ ಎಂದು ಅಳೆದು, ವಿರುದ್ಧ ಭಾಷ್ಯ ಬರೆಯುತ್ತಾರೆ. ಕೊಲೆಗಾರ ಯಾರೆಂಬುದನ್ನು ಪ್ರಕರಣದ ಕೊನೆಯಲ್ಲಿ ಹೇಳಿಬಿಡುತ್ತಾರೆ. ಅಲ್ಲಿಯತನಕ ಅವನನ್ನು ಬರೀ ಕಪ್ಪು ನೆರಳಾಗಿ, ಕಣ್ಣು ಹಲ್ಲು ಮಾತ್ರ ಬೆಳ್ಳಗೆ, ಬರೆಯುವುದು ಅಓಯಾಮಾರ ಪದ್ಧತಿ. 2021ರಲ್ಲಿ ನೂರನೇ ಸಂಪುಟ ಬಂದಾಗಲೂ ತೆರೆ ಸರಿಯದೆ ಉಳಿದದ್ದು ಕೊನೆಗೆ ಯಾರು ಯಾರ ಜೊತೆ ಎಂಬ ಪ್ರಶ್ನೆಯೇ. ಅಭಿಮಾನಿ ಎಷ್ಟು ಹೆಣ ದಾಟಿ ಬಂದರೂ ಕಾಯುತ್ತಿರುವುದು ಅದಕ್ಕೇ.

ಉಳಿದದ್ದು ಪ್ರಯೋಗ. ಪ್ರೇಮಕಥೆ ಬರೆಯುವವರು ಒಂದು ವ್ಯಾವಹಾರಿಕ ಕಷ್ಟ ಮುಂದಿಡುತ್ತಾರೆ. ವಾರಪತ್ರಿಕೆಯ ಕೌಟುಂಬಿಕ ಧಾರಾವಾಹಿಯಲ್ಲಿ ವಾರಕ್ಕೊಂದು ಕೊಲೆ ಮಾಡಿಸಿದರೆ ಸಂಪಾದಕರು ಒಪ್ಪುತ್ತಾರೆಯೇ? ಮೀಮಾಂಸಕರಲ್ಲಿ ಪ್ರತಿನಿಧಿನ್ಯಾಯವಿದೆ, ಸೋಮಲತೆ ಸಿಗದಿದ್ದರೆ ಪೂತೀಕದಿಂದ ಯಾಗ ನಡೆಸಬಹುದು. ಹಾಗೆಯೇ ಹೆಣದ ಜಾಗದಲ್ಲಿ ಮದುವೆ ಛತ್ರದಲ್ಲಿ ಕಾಣೆಯಾದ ಸರ, ಬೀರುವಿನ ಬೀಗದ ಕೈ, ತಹಸೀಲ್ದಾರರ ಕಚೇರಿಯಲ್ಲಿ ಕಳೆದ ಪಹಣಿ, ಯಾವುದನ್ನಾದರೂ ಇಡಬಹುದು. ನಾಯಕ ನಾಯಕಿ ಇಬ್ಬರೂ ತಲೆಬಗ್ಗಿಸಿ ಅದನ್ನು ಹುಡುಕುತ್ತಿರಬೇಕು, ಪ್ರೀತಿ ಎಂಬ ಶಬ್ದ ಎತ್ತಕೂಡದು, ಉಳಿದದ್ದನ್ನು ಬೆವರೂ ದನಿಯೂ ನೋಡಿಕೊಳ್ಳುತ್ತವೆ. ಬದಲಿ ವಸ್ತುವಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು ಎಂಬ ಕೊನೆಯ ಸಂದೇಹವನ್ನು ಜನ್ನ ಯಶೋಧರಚರಿತೆಯಲ್ಲಿ 1209ರಲ್ಲೇ ತೀರಿಸಿದ್ದಾನೆ. ಅವನ ಹಿಟ್ಟಿನ ಕೋಳಿ ಕತ್ತಿ ತಗುಲಿದಾಗ ಕೂಗಿತು. ಒಂದೇ ಎಚ್ಚರ ಬೇಕು: ಕಳೆದ ಪಹಣಿ ಹತ್ತನೇ ಕಂತಿನಲ್ಲೇ ಸಿಕ್ಕಿಬಿಟ್ಟರೆ ಹನ್ನೊಂದನೆಯದರಲ್ಲಿ ಮದುವೆ ಮಾಡಿಸಬೇಕಾಗುತ್ತದೆ, ಹನ್ನೆರಡನೆಯದಕ್ಕೆ ಸಂಭಾವನೆ ಬರುವುದಿಲ್ಲ.